ಸವಾಯಿ ಗಂಧರ್ವ ಪುಣ್ಯತಿಥಿ: ಸ್ಮರಣೆಗಳ ಒಂದು ಪರಿಶೀಲನೆ

ಪುಣೆಯ ಕನ್ನಡ ಮನೆಗಳಲ್ಲಿ ನಾಲ್ವರು ಹಿರಿಯರು ಕೂಡಿದರೆ ಸವಾಯಿ ಗಂಧರ್ವ ಪುಣ್ಯತಿಥಿಯ ಮಾತು ಬಾರದೆ ಹೋಗುವುದು ಅಪರೂಪ. ರಮಣಬಾಗಿನ ಶಾಲೆಯ ಅಂಗಳ, ಡಿಸೆಂಬರದ ಚಳಿ, ಜಮಖಾನೆಯ ಮೇಲೆ ಶಾಲು ಹೊದ್ದು ಕುಳಿತ ಸಂಸಾರಗಳು, ನಡುರಾತ್ರಿಯ ಚಹಾ, ಕಟ್ಟಕಡೆಗೆ ಭೀಮಸೇನ ಜೋಶಿಯವರ ಷಡ್ಜ—ಇವು ಆ ಮಾತಿನ ಸ್ಥಾಯಿ. ಕೇಳುವವರಲ್ಲಿ ತರುಣರು ಯಾರಾದರೂ ಇದ್ದರೆ ಅಂತರೆಯೂ ತಪ್ಪದೆ ಬರುತ್ತದೆ: ಆಗ ಅದು ಒಂದು ಮನೆಯಾಗಿತ್ತು, ಈಗ ಜಾತ್ರೆಯಾಗಿದೆ.

ಹೀಗೆ ಹೇಳುವವರ ಪ್ರಾಮಾಣಿಕತೆಯಲ್ಲಿ ಸಂದೇಹಪಡಲು ಕಾರಣವಿಲ್ಲ. ಆದರೆ ಸ್ಮರಣೆಯೂ ಒಂದು ಬಗೆಯ ರಚನೆಯೇ ಆದುದರಿಂದ, ಅದು ಏನನ್ನು ಆಯ್ದುಕೊಂಡಿತು, ಏನನ್ನು ಕೈಬಿಟ್ಟಿತು ಎಂಬುದನ್ನು ವಿಮರ್ಶಕನಾದವನು ಕೇಳಲೇಬೇಕಾಗುತ್ತದೆ. ಸಂಗೀತಗಾರರ ವಿಷಯವಾಗಿ ಕನ್ನಡದಲ್ಲಿ ಉತ್ತಮ ಆತ್ಮಕಥನಗಳು ಇಲ್ಲದಿಲ್ಲ. ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಇವೆರಡೂ ಯಾವ ಭಾಷೆಗಾದರೂ ಭೂಷಣವೆನಿಸುವ ಪುಸ್ತಕಗಳು. ಆದರೆ ಇವು ಹಾಡಿದವರ ಕಥನಗಳು. ಕೇಳಿದವರ, ಹಾಡಲು ಎಡೆಮಾಡಿಕೊಟ್ಟವರ ಕಥನ ಬೇರೆ. ಅದು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ. ಬಾಯಿಮಾತಿನಲ್ಲಿ ಉಳಿದದ್ದು ಮೆಲ್ಲಮೆಲ್ಲನೆ ಆಖ್ಯಾಯಿಕೆಯಾಗುತ್ತದೆ.

ಸಂಗತಿಗಳನ್ನು ಮೊದಲು ನೆನೆಯಬೇಕು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು 1886ರಲ್ಲಿ ಹುಟ್ಟಿದರು. ಹುಬ್ಬಳ್ಳಿಯ ಸಮೀಪದ ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅಬ್ದುಲ್ ಕರೀಮ್ ಖಾನರ ಶಿಷ್ಯರಾಗಿ ಕಿರಾಣಾ ಘರಾಣೆಯ ವಿದ್ಯೆಯನ್ನು ಪಡೆದು, ಮರಾಠಿ ಸಂಗೀತ ನಾಟಕಗಳಲ್ಲಿ ನಟರಾಗಿ ಕೀರ್ತಿ ಗಳಿಸಿ, ಬಳಿಕ ಬೈಠಕಿನ ಗಾಯನಕ್ಕೂ ಬೋಧನೆಗೂ ತಮ್ಮನ್ನು ಒಪ್ಪಿಸಿಕೊಂಡರು. ಬಾಲಗಂಧರ್ವರ ಹೆಸರು ಮನೆಮಾತಾಗಿದ್ದ ಕಾಲದಲ್ಲಿ ಇವರಿಗೆ ‘ಸವಾಯಿ’, ಅಂದರೆ ಒಂದೂಕಾಲು, ಎಂಬ ವಿಶೇಷಣ ಸಂದದ್ದು ಮರಾಠಿ ರಸಿಕರ ಔದಾರ್ಯಕ್ಕೆ ಸಾಕ್ಷಿ; ಲೆಕ್ಕವನ್ನು ಕಾಲುಭಾಗದವರೆಗೆ ಹಿಡಿಯುವ ಅವರ ಜಾಣತನಕ್ಕೂ ಸಾಕ್ಷಿಯೆನ್ನಬಹುದು. ಕಡೆಗಾಲದಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ 1952ರ ಸೆಪ್ಟೆಂಬರ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಪುಣ್ಯತಿಥಿಯ ಸಂಗೀತೋತ್ಸವ ಆರಂಭವಾಯಿತು. ಅಳಿಯಂದಿರಾದ ಡಾಕ್ಟರ್ ನಾನಾಸಾಹೇಬ ದೇಶಪಾಂಡೆಯವರೂ ಶಿಷ್ಯರಾದ ಭೀಮಸೇನ ಜೋಶಿಯವರೂ ಅದರ ಭಾರವನ್ನು ಹೊತ್ತರು. ಉತ್ಸವವು ಮುಂದೆ ಡಿಸೆಂಬರ ತಿಂಗಳಲ್ಲಿ ನೆಲೆನಿಂತಿತು. ತಿಥಿ ಸೆಪ್ಟೆಂಬರದ್ದಾದರೂ ‘ಪುಣ್ಯತಿಥಿ’ ಎಂಬ ಹೆಸರು ಜನರ ಬಾಯಿಂದ ಹೋಗಲಿಲ್ಲ.

ಆ ಹೆಸರಿನಲ್ಲಿಯೇ ವಿಷಯದ ಕೀಲಿಯಿದೆ. ಸ್ಮರಣೆಗಳನ್ನು ಹೇಳುವವರು ಮತ್ತೆ ಮತ್ತೆ ಒತ್ತಿ ನುಡಿಯುವ ಮಾತು ಆತ್ಮೀಯತೆ. ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದರು, ಹಾಡುವವರೂ ಕೇಳುವವರೂ ಒಂದೇ ಕುಟುಂಬದಂತಿದ್ದರು, ಆದಕಾರಣ ಸಂಗೀತ ಅಷ್ಟು ಎತ್ತರಕ್ಕೇರಿತು ಎಂದು ಅವರ ವಾದ. ಈ ವಾದದಲ್ಲಿ ಕಾರ್ಯಕಾರಣಗಳು ಸ್ಥಾನಪಲ್ಲಟವಾಗಿವೆ. ಆ ಬಳಗವನ್ನು ಕೂಡಿಸಿದ್ದು ಪರಸ್ಪರ ಪ್ರೀತಿಗಿಂತ ಮೊದಲು ಒಂದು ಋಣ. ಗುರುವಿಗೆ ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಋಣವನ್ನು ಶಿಷ್ಯರು ಪಿಂಡದಲ್ಲಿ ಸಲ್ಲಿಸದೆ ಸ್ವರದಲ್ಲಿ ಸಲ್ಲಿಸಿದರು. ಸ್ನೇಹವು ಆ ಕೆಲಸದ ನಡುವೆ, ವರ್ಷದಿಂದ ವರ್ಷಕ್ಕೆ, ತಾನಾಗಿ ಬೆಳೆಯಿತು.

ಆ ಶಿಷ್ಯವೃಂದವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಗದಗಿನ ಕಡೆಯಿಂದ ಸಂಗೀತಕ್ಕಾಗಿ ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಅಲೆದು ಬಂದ ಬ್ರಾಹ್ಮಣ ಬಾಲಕ ಭೀಮಸೇನ. ಸವರ್ಣರ ಸಭೆಗಳಲ್ಲಿ ಸಂಕೋಚದಿಂದಲೇ ಬೆಳೆದ ಗಂಗೂಬಾಯಿ. ಮುಂಬಯಿಯ ಪಾರಸೀ ತರುಣ, ಚಲಚ್ಚಿತ್ರದ ನಟ ಫಿರೋಜ್ ದಸ್ತೂರ್. ಕುಂದಗೋಳದ ಸಮೀಪದ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು. ಗುರುವಿನ ಗುರುವಾದರೋ ಉತ್ತರದೇಶದ ಕೈರಾನಾದಿಂದ ಬಂದು ಮಿರಜದಲ್ಲಿ ನೆಲೆನಿಂತ ಮುಸಲ್ಮಾನರು. ಇವರೆಲ್ಲರಿಗೂ ಸಮಾನವಾಗಿದ್ದ ಜಾತಿಯಿಲ್ಲ, ಊರಿಲ್ಲ, ಮನೆಮಾತಿಲ್ಲ. ಇದ್ದದ್ದು ಪಾಠ.

ಆ ಪಾಠದ ಸ್ವರೂಪವೇನು? ತೋಡಿ, ಮುಲತಾನಿ, ಪೂರಿಯಾ ಈ ಮೂರು ರಾಗಗಳನ್ನೇ ಸವಾಯಿ ಗಂಧರ್ವರು ಭೀಮಸೇನರಿಂದ ದೀರ್ಘಕಾಲ ಮಥನ ಮಾಡಿಸಿದರೆಂಬುದು ಪ್ರಸಿದ್ಧ. ಬೆಳಗಿಗೊಂದು, ಇಳಿಹೊತ್ತಿಗೊಂದು, ಸಂಜೆಗೊಂದು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿದು ಕತ್ತಲಾದಾಗ ಅವರನ್ನು ನಿಲ್ದಾಣದವರೆಗೆ ಕಳುಹಿಸಿಬರುವ ಕೆಲಸ ಗುರುಗೃಹದಲ್ಲಿ ನೀರು ಹೊರುತ್ತಿದ್ದ ಭೀಮಸೇನರ ಪಾಲಿಗೆ ಬೀಳುತ್ತಿತ್ತು. ಮುಂದೆ ಇಬ್ಬರೂ ದೇಶಪ್ರಸಿದ್ಧರಾದ ಮೇಲೆಯೂ ಭೀಮಸೇನರಿಗೆ ಅವರು ‘ಅಕ್ಕ’ನೇ. ಪುಣೆಯ ಮಂಟಪದಲ್ಲಿ ಸಾವಿರಾರು ಜನ ಕಂಡ ಆತ್ಮೀಯತೆಯ ಮೂಲ ಆ ನಿಲ್ದಾಣದ ದಾರಿಯಲ್ಲಿದೆ. ಜನ ಕಂಡದ್ದು ಫಲವನ್ನು.

ಚಿಕ್ಕದೊಂದು ಸಂಗೀತದ ಮನೆ, ಅದರ ಸುತ್ತ ಬಿಗಿಯಾಗಿ ಹೆಣೆದುಕೊಂಡ ಬಳಗ, ಅದು ಚದುರಿದ ಮೇಲಿನ ಹಂಬಲ—ಇದು ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಸೇರಿದ ವಸ್ತುವಲ್ಲ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ತಲೆಯೆತ್ತಿದ ಪಂಕ್ ಎಂಬ ಸಂಗೀತದ ಹೆಸರನ್ನು ವಾಚಕರು ಕೇಳಿರಬಹುದು. ಮೂರು ಸ್ವರಮೇಳಗಳು ಬಂದರೆ ಸಾಕು, ವೇದಿಕೆ ಹತ್ತಬಹುದು ಎಂಬ ಧೋರಣೆಯ, ಅಬ್ಬರದ, ಹರಿದ ಬಟ್ಟೆಯ ಸಂಗೀತ ಅದು. ಒಂದೇ ಸ್ವರವನ್ನು ಅರ್ಧ ಗಳಿಗೆ ಬಿಡಿಸಿ ನೋಡುವ ಕಿರಾಣಾ ಗಾಯನಕ್ಕೆ ಇದಕ್ಕಿಂತ ದೂರದ ವಸ್ತುವನ್ನು ಹುಡುಕುವುದು ಕಷ್ಟ. ಆದರೂ ಆ ಸಂಗೀತದ ಕ್ಲಬ್ಬುಗಳನ್ನು ಕುರಿತ ಸ್ಮರಣಸಾಹಿತ್ಯವನ್ನು ಓದಿದರೆ ಪುಣೆಯ ಹಿರಿಯರ ಧ್ವನಿಯೇ ಕೇಳಿದಂತಾಗುತ್ತದೆ. ನಾವು ಕೆಲವರೇ ಇದ್ದೆವು; ಎಲ್ಲರೂ ಎಲ್ಲರನ್ನೂ ಬಲ್ಲವರು; ಆಮೇಲೆ ಹೊರಗಿನವರು ಬಂದರು, ಕೆಟ್ಟಿತು.

ಈ ಸಾಹಿತ್ಯದಿಂದ ಎರಡು ಸಂಗತಿಗಳನ್ನು ಎತ್ತಿಕೊಳ್ಳಬಹುದು. 1976ರ ಜೂನ್ 4ರಂದು ಮ್ಯಾಂಚೆಸ್ಟರ್ ನಗರದ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಭಾಗೃಹದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡದ ಕಚೇರಿ ನಡೆಯಿತು. ಕೇಳಲು ಬಂದವರು ಸುಮಾರು ನಾಲ್ವತ್ತು ಮಂದಿ. ಆ ನಗರದ ಮುಂದಿನ ಸಂಗೀತಚರಿತ್ರೆಯೇ ಆ ರಾತ್ರಿಯಿಂದ ಮೊದಲಾಯಿತೆಂಬ ಪ್ರತೀತಿ ಬೆಳೆದಂತೆಲ್ಲ, ಅಂದು ತಾನೂ ಅಲ್ಲಿದ್ದೆನೆಂದು ಆಣೆಯಿಟ್ಟು ಹೇಳುವವರ ಸಂಖ್ಯೆಯೂ ಬೆಳೆಯಿತು. ಎಷ್ಟರಮಟ್ಟಿಗೆಂದರೆ, ನಿಜವಾಗಿ ಇದ್ದವರು ಯಾರೆಂದು ಶೋಧಿಸಿ ಡೇವಿಡ್ ನೋಲನ್ ಎಂಬವರು ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಪುಣೆಯ ಆರಂಭದ ರಾತ್ರಿಗಳಿಗೆ ಇಂಥ ಶೋಧಕ ಇನ್ನೂ ದೊರೆತಿಲ್ಲ. ದೊರೆತರೆ, ಆ ಸಣ್ಣ ಮಂಟಪಗಳಲ್ಲಿ ಇಷ್ಟು ಜನ ಹೇಗೆ ಹಿಡಿಸಿದರೆಂದು ಆತ ಬೆರಗಾಗಬಹುದು.

ಎರಡನೆಯದು ಹೆಚ್ಚು ಗಂಭೀರವಾದದ್ದು. ಅಮೆರಿಕದ ಬರ್ಕ್ಲಿ ನಗರದ ಗಿಲ್ಮನ್ ಬೀದಿಯ 924ನೆಯ ಸಂಖ್ಯೆಯ ಕಟ್ಟಡದಲ್ಲಿ 1986ರ ಡಿಸೆಂಬರ 31ರಂದು ಒಂದು ಪಂಕ್ ಕ್ಲಬ್ಬು ತೆರೆಯಿತು. ಮದ್ಯವಿಲ್ಲ, ಮಾದಕವಸ್ತುವಿಲ್ಲ, ಹೊಡೆದಾಟವಿಲ್ಲ, ವರ್ಣದ್ವೇಷವಿಲ್ಲ, ಸ್ತ್ರೀನಿಂದೆಯಿಲ್ಲ ಎಂಬ ನಿಯಮಗಳನ್ನು ಗೋಡೆಯ ಮೇಲೆ ಬರೆದಿದ್ದಾರೆ. ಒಳಗೆ ಬರಲು ಸದಸ್ಯತ್ವದ ಚೀಟಿ ಬೇಕು. ಬಾಗಿಲು ಕಾಯುವುದರಿಂದ ನೆಲ ಗುಡಿಸುವವರೆಗೆ ಎಲ್ಲವೂ ಸ್ವಯಂಸೇವಕರ ಕೆಲಸ. ದೊಡ್ಡ ಧ್ವನಿಮುದ್ರಣ ಕಂಪನಿಗಳೊಡನೆ ಕರಾರು ಮಾಡಿಕೊಂಡವರಿಗೆ ಅಲ್ಲಿ ವೇದಿಕೆಯಿಲ್ಲವೆಂಬುದೂ ಒಂದು ಕಟ್ಟಳೆಯಾಯಿತು. ಆ ಮನೆಯಲ್ಲಿಯೇ ಬೆಳೆದ ಗ್ರೀನ್ ಡೇ ಎಂಬ ತಂಡ 1993ರಲ್ಲಿ ಅಂಥ ಕರಾರಿಗೆ ಸಹಿ ಹಾಕಿತು. ಅಲ್ಲಿಗೆ ಅವರಿಗೆ ಆ ಬಾಗಿಲು ಮುಚ್ಚಿತು. ಅವರು ಮತ್ತೆ ಆ ವೇದಿಕೆಯ ಮೇಲೆ ಹಾಡಿದ್ದು 2015ರಲ್ಲಿ, ಒಂದು ಸಹಾಯಾರ್ಥ ಕಚೇರಿಗಾಗಿ.

ಭೀಮಸೇನರ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರೂ ಧ್ವನಿಮುದ್ರಿಕೆಗಳಿಂದ ಮನೆಮನೆಗೆ ತಲುಪಿದವರು. ಮರಾಠಿಯ ಸಂತವಾಣಿ, ಕನ್ನಡದ ದಾಸವಾಣಿ ಎರಡರಿಂದಲೂ ಜನಪ್ರಿಯತೆಯ ತುದಿಗೇರಿದವರು. 2008ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಘೋಷಿತವಾಯಿತು. ಬರ್ಕ್ಲಿಯ ನ್ಯಾಯದಂತೆ ಅವರನ್ನು ಎಂದೋ ಹೊರಗೆ ನಿಲ್ಲಿಸಬೇಕಾಗಿತ್ತು. ಪುಣೆಯಲ್ಲಿ ಆದದ್ದೇ ಬೇರೆ. ಬೆಳೆದ ಶಿಷ್ಯನೇ ಯಜಮಾನನಾಗಿ ನಿಂತು, ಇತರ ಘರಾಣೆಗಳವರನ್ನೂ ಕರೆದು, ತನ್ನ ಸರದಿಯನ್ನು ಕಡೆಗೆ ಇಟ್ಟುಕೊಂಡನು. ಬಳಗದ ಬಿಗಿಯನ್ನು ಹೊರಗಿಡುವುದರಿಂದ ಕಾಯ್ದುಕೊಳ್ಳುವುದು ಒಂದು ದಾರಿ. ಆ ದಾರಿಗೆ ತನ್ನದೇ ಘನತೆಯುಂಟು, ಆ ಕ್ಲಬ್ಬು ಅಷ್ಟು ಕಾಲ ಬಾಳಿದ್ದೂ ಅದರಿಂದಲೇ ಇರಬೇಕು. ಪುಣೆಯ ಬಳಗವು ಈ ದಾರಿಯನ್ನು ಹಿಡಿಯಲಿಲ್ಲ. ಮನೆ ಜಾತ್ರೆಯಾಯಿತೆಂದು ಮರುಗುವವರು, ಜಾತ್ರೆಯಾಗಲಿ ಎಂದು ಬಾಗಿಲು ತೆರೆದಿಟ್ಟವರು ಆ ಮನೆಯವರೇ ಎಂಬುದನ್ನು ಮರೆಯುತ್ತಾರೆ. ಗುರುವಿನ ಹೆಸರನ್ನು ಹೆಚ್ಚು ಜನ ಕೇಳಲಿ ಎಂಬುದು ಋಣ ತೀರಿಸುವವನ ಸಹಜವಾದ ಆಸೆಯಲ್ಲವೆ?

ಆದರೆ ಒಂದು ವಿಷಯದಲ್ಲಿ ಬರ್ಕ್ಲಿಯ ಆ ಒರಟು ಹುಡುಗರು ಪುಣೆಯ ಸುಸಂಸ್ಕೃತ ರಸಿಕರನ್ನು ಮೀರಿಸಿದ್ದಾರೆಂದು ಒಪ್ಪದೆ ವಿಧಿಯಿಲ್ಲ. ಗಿಲ್ಮನ್ ಕ್ಲಬ್ಬಿನ ಚರಿತ್ರೆಯನ್ನು ಅಲ್ಲಿ ದುಡಿದವರ ಮಾತುಗಳಿಂದಲೇ ಹೆಣೆದು ಬ್ರಯನ್ ಎಡ್ಜ್ ಎಂಬವರು ಪುಸ್ತಕ ಮಾಡಿದ್ದಾರೆ. ಹಾಡಿದವರ ಜೊತೆಗೆ ಬಾಗಿಲು ಕಾದವರೂ ಅದರಲ್ಲಿ ಮಾತನಾಡುತ್ತಾರೆ. ಪುಣೆಯ ಸ್ಮರಣೆಗಳಲ್ಲಿ ಇಂಥವರ ಸುಳಿವೇ ಇಲ್ಲ. ರಾಗದ ಹೆಸರು ನೆನಪಿದೆ, ಗಾಯಕರ ಶಾಲಿನ ಬಣ್ಣ ನೆನಪಿದೆ. ಹಿಂದೆ ಕುಳಿತು ನಾಲ್ಕು ತಾಸು ತಂಬೂರಿ ಮೀಟಿದ ಶಿಷ್ಯನ ಹೆಸರು ನೆನಪಿಲ್ಲ. ಅಪ್ಪಾ ಜಳಗಾಂವಕರರ ಹಾರ್ಮೋನಿಯಮ್ ಅನ್ನು ಹೊಗಳದವರಿಲ್ಲ, ಆದರೆ ಹೊಗಳಿಕೆ ಒಂದು ವಾಕ್ಯಕ್ಕೆ ಮುಗಿಯುತ್ತದೆ. ಆ ತಂಬೂರಿಗಳನ್ನು ಸೋರೆಬುರುಡೆಯಿಂದ ಕೊರೆದು ತೆಗೆದ ಮಿರಜದ ಶಿಕಲಗಾರ ಮನೆತನಗಳ ಮಾತಂತೂ ದೂರವೇ ಉಳಿಯಿತು. ಅಬ್ದುಲ್ ಕರೀಮ್ ಖಾನರ ಮಿರಜವನ್ನು ಪುಣ್ಯಕ್ಷೇತ್ರವೆಂದು ವರ್ಣಿಸುವ ಲೇಖನಿಗಳು ಅದೇ ಮಿರಜದ ಕುಶಲಕರ್ಮಿಯ ಅಂಗಡಿಯ ಮುಂದೆ ನಿಲ್ಲುವುದಿಲ್ಲ.

ಹಣದ ವಿಷಯವೂ ಹಾಗೆಯೇ. ಅಷ್ಟು ದೊಡ್ಡ ಉತ್ಸವವು ಟಿಕೇಟಿನ ಆದಾಯದಿಂದ ಎಷ್ಟು, ವಂತಿಗೆಯಿಂದ ಎಷ್ಟು, ಜಾಹೀರಾತಿನಿಂದ ಎಷ್ಟು ನಡೆಯಿತೆಂಬ ಕುತೂಹಲ ಸ್ಮರಣಕಾರರಲ್ಲಿ ಯಾರಿಗೂ ಹುಟ್ಟಿದಂತೆ ಕಾಣದು. ಹಣದ ಮಾತು ಸ್ವರವನ್ನು ಮಲಿನಗೊಳಿಸುತ್ತದೆಂಬ ಭಾವನೆ ಇರಬಹುದು. ಆದರೆ ಮುಂದೆ ಕುರ್ಚಿ, ಹಿಂದೆ ನೆಲದ ಬೈಠಕು ಎಂಬ ಏರ್ಪಾಡೇ ಒಂದು ಲೆಕ್ಕ. ಗುಮಾಸ್ತನೂ ಶಾಲೆಯ ಮಾಸ್ತರನೂ ಮಕ್ಕಳುಮರಿಯೊಡನೆ ಬಂದು ಕೂರುವಂತಾದದ್ದು ಆ ಜಮಖಾನೆಯ ಅಗ್ಗದ ದರದಿಂದ. ಹಳೆಯ ಜಮಾಖರ್ಚಿನ ಪುಸ್ತಕಗಳಲ್ಲಿ ಈ ಬಳಗದ ಚರಿತ್ರೆಯ ಒಂದು ಅಧ್ಯಾಯವೇ ಅಡಗಿರಬೇಕು.

ಸ್ತ್ರೀಯರ ವಿಷಯದಲ್ಲಿ ‘ಒಂದೇ ಕುಟುಂಬ’ ಎಂಬ ಮಾತನ್ನು ಇನ್ನಷ್ಟು ಎಚ್ಚರಿಕೆಯಿಂದ ಬಳಸಬೇಕು. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಬಾಲಕಿ ಗಂಗೂಬಾಯಿಗೆ, ಹಾಡು ಮುಗಿದ ಮೇಲೆ ತನ್ನಿಂದ ಎಂಜಲೆಲೆ ತೆಗೆಸಿಯಾರೇ ಎಂಬ ಅಳುಕು ಇತ್ತೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟು ದೊಡ್ಡವಳಾದರೂ ಬಾಯಿಯೇ ಎಂಬ ಅವರ ಕಟುವಾದ ಹಾಸ್ಯವೂ ಪ್ರಸಿದ್ಧವಾದದ್ದು. ಮಂಟಪದಲ್ಲಿ ಆ ಗಂಭೀರ ಸ್ವರಕ್ಕೆ ತಲೆದೂಗಿದ ಸಭಿಕರಲ್ಲಿ ಎಷ್ಟು ಮಂದಿ ಆ ಅಳುಕನ್ನು ಬಲ್ಲವರಾಗಿದ್ದರು? ಸ್ಮರಣೆಗಳು ಈ ಬಗ್ಗೆ ಮೌನ. ಪುಣೆಯಲ್ಲಿಯೇ ನೆಲೆಸಿದ್ದ ಹೀರಾಬಾಯಿ ಬಡೋದೇಕರರು ಗಾಯಕಿಗೆ ಸಾರ್ವಜನಿಕ ವೇದಿಕೆಯಲ್ಲಿ ಮರ್ಯಾದೆಯ ಸ್ಥಾನವನ್ನು ಗಳಿಸಿಕೊಡಲು ಪಟ್ಟ ಶ್ರಮದ ಹಿನ್ನೆಲೆಯಿಲ್ಲದೆ ಗಂಗೂಬಾಯಿಯವರ ಆ ಸ್ಥಾನವನ್ನು ಅರ್ಥಮಾಡಿಕೊಳ್ಳಲಾಗದು. ಅದೇ ಪರಂಪರೆಯ ಪ್ರಭಾ ಅತ್ರೆಯವರು ಭೀಮಸೇನರ ತರುವಾಯ ಉತ್ಸವದ ಕೊನೆಯ ಗಾಯನದ ಸ್ಥಾನಕ್ಕೆ ಬಂದುದನ್ನು ‘ಆ ದಿನಗಳು ಹೋದುವು’ ಎನ್ನುವವರು ಯಾವ ಲೆಕ್ಕಕ್ಕೆ ಹಾಕುತ್ತಾರೋ ತಿಳಿಯದು.

ಇನ್ನು ರಾತ್ರಿಯ ಮಾತು. ಇಡಿಯ ರಾತ್ರಿ ನಡೆಯುತ್ತಿದ್ದ ಗಾಯನ ನಿಂತುಹೋದದ್ದೇ ಎಲ್ಲ ಹಂಬಲಗಳ ಕೇಂದ್ರ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳೂ 2005ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿದುವು. ವರ್ಷದ ಕೆಲವೇ ದಿನಗಳಿಗೆ ನಡುರಾತ್ರಿಯವರೆಗೆ ವಿನಾಯಿತಿ. ಇದರಿಂದಾದ ನಷ್ಟ ನಿಜವಾದ ನಷ್ಟ. ದರ್ಬಾರಿ, ಮಾಲಕಂಸಗಳು ತಮ್ಮ ಹೊತ್ತಿನಲ್ಲಿ ಕೇಳಿಬರುವುದು, ಲಲಿತ ರಾಗ ಹಾಡುತ್ತಿರುವಾಗ ಮೂಡಣದಲ್ಲಿ ಬೆಳಕು ಹರಿಯುವುದು—ಇದನ್ನು ಬೇರೆ ಯಾವುದರಿಂದಲೂ ತುಂಬಿಕೊಡಲಾಗದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ರಾತ್ರಿಯ ಬೈಠಕಿನಲ್ಲಿ ಮುಲತಾನಿಗೆ ಎಡೆಯಿಲ್ಲ. ಸವಾಯಿ ಗಂಧರ್ವರು ಪಾಠದ ತಳಹದಿಯಾಗಿ ಆರಿಸಿಕೊಂಡ ಮೂರು ರಾಗಗಳಲ್ಲಿ ಒಂದಕ್ಕೆ, ಅವರ ಹೆಸರಿನ ರಾತ್ರಿಗಳಲ್ಲಿಯೇ ಅವಕಾಶವಿರಲಿಲ್ಲವೆಂದಾಯಿತು. ಈಗ ಮಧ್ಯಾಹ್ನದಲ್ಲಿಯೇ ಗಾಯನ ಆರಂಭವಾಗುವುದರಿಂದ ಭೀಮಪಲಾಸ, ಪಟದೀಪ, ಮುಲತಾನಿಗಳಿಗೆ ಸಾವಿರಾರು ಕಿವಿಗಳು ದೊರೆತಿವೆ. ಹಂಬಲಿಸುವವರು ಇದನ್ನು ಗಮನಿಸಿದಂತಿಲ್ಲ. ಉತ್ಸವ 2018ರಲ್ಲಿ ರಮಣಬಾಗನ್ನು ಬಿಟ್ಟು ಮುಕುಂದನಗರಕ್ಕೆ ಹೋದಾಗಲೂ ಇಂಥದೇ ಶೋಕ ಕೇಳಿಬಂದಿತು. ರಮಣಬಾಗೂ ಮೊದಲಿನ ಸ್ಥಳವೇನಲ್ಲ.

ಕಡೆಯದಾಗಿ, ಈ ಸ್ಮರಣೆ ಯಾರದು ಎಂಬ ಪ್ರಶ್ನೆ. ಕುಂದಗೋಳ, ಗದಗ, ಹುಬ್ಬಳ್ಳಿಗಳ ಹೆಸರನ್ನು ಹಿಡಿದು ಇದೆಲ್ಲ ನಮ್ಮದೆನ್ನುವ ಕನ್ನಡಿಗರು ಪುಣೆಯಲ್ಲಿ ಇದ್ದಾರೆ. ಆ ಊರುಗಳನ್ನು ನೆಪಮಾತ್ರಕ್ಕೆ ಹೇಳಿ ಮುಂದೆ ಸಾಗುವ ಮರಾಠಿ ಲೇಖಕರೂ ಇದ್ದಾರೆ. ಇಬ್ಬರೂ ಒಂದು ತಾರೀಖನ್ನು ಮರೆತಿದ್ದಾರೆ. 1953ರಲ್ಲಿ ಉತ್ಸವ ಆರಂಭವಾದಾಗ ಕುಂದಗೋಳ, ಹುಬ್ಬಳ್ಳಿ, ಪುಣೆ ಮೂರೂ ಮುಂಬಯಿ ರಾಜ್ಯದಲ್ಲಿಯೇ ಇದ್ದುವು. ಅವು ಬೇರೆಯಾದದ್ದು 1956ರ ನವೆಂಬರ 1ರಂದು. ಹುಬ್ಬಳ್ಳಿಯಿಂದ ಲೋಂಡಾ, ಮಿರಜಗಳ ಮೇಲೆ ಪುಣೆಗೆ ರೈಲಿನಲ್ಲಿ ಬಂದ ಗಾಯಕಿಯು ಯಾವ ಗಡಿಯನ್ನೂ ದಾಟಿ ಬಂದವಳಲ್ಲ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ದಿಂದ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು, ಆ ನಾಟಕಗಳ ರಂಗದ ಮೇಲೆ ಕುಂದಗೋಳದ ರಾಮಭಾವು ‘ಸವಾಯಿ’ಯಾದರು. ಬಂದೀಶು ವ್ರಜಭಾಷೆಯದು, ವೇದಿಕೆಯ ಪ್ರಕಟನೆ ಮರಾಠಿಯಲ್ಲಿ, ವೇದಿಕೆಯ ಹಿಂದೆ ಅಕ್ಕತಮ್ಮಂದಿರ ಮಾತು ಕನ್ನಡದಲ್ಲಿ. ವೇದಿಕೆಯ ಹಿಂದಿನ ಆ ಕನ್ನಡವೇ ಇಂದು ಎಲ್ಲಿಯೂ ದಾಖಲಾಗದೆ ಉಳಿದಿರುವ ಭಾಗ. ಅದನ್ನು ಮರಾಠಿ ಲೇಖಕರು ಬರೆಯಲಾರರು. ಬರೆಯಬಲ್ಲ ಕನ್ನಡಿಗರು ಅಭಿಮಾನದ ಭಾಷಣದಲ್ಲಿ ಕಾಲ ಕಳೆದಿದ್ದಾರೆ.

ಭೀಮಸೇನರು 2011ರ ಜನವರಿ 24ರಂದು ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಹೆಸರಿನೊಡನೆ ಶಿಷ್ಯನ ಹೆಸರೂ ಸೇರಿತು. ಫಿರೋಜ್ ದಸ್ತೂರರು 2008ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಪ್ರಭಾ ಅತ್ರೆಯವರು 2024ರಲ್ಲಿ ಹೋದರು. ಅತ್ತ ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ, ಅಬ್ದುಲ್ ಕರೀಮ್ ಖಾನರಿಗೆ ಆತಿಥ್ಯ ನೀಡಿದ ಆ ಹಳೆಯ ಪಡಸಾಲೆಯಲ್ಲಿ, ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ನಡೆದುಬಂದಿದೆ. ಪುಣೆಯ ಸ್ಮರಣೆಗಳನ್ನು ಬರೆಯುವವರು ಒಮ್ಮೆ ಅಲ್ಲಿಯೂ ಹೋಗಿ ಕುಳಿತುಬರುವುದು ಒಳ್ಳೆಯದು. 1953ರಲ್ಲಿ ಇಪ್ಪತ್ತರ ಹರೆಯದಲ್ಲಿ ಜಮಖಾನೆಯ ಮೇಲೆ ಕುಳಿತಿದ್ದವರಿಗೆ ಈಗ ತೊಂಬತ್ತು ದಾಟಿದೆ. ಅವರಲ್ಲಿ ಉಳಿದವರನ್ನು ಕಂಡು ಕೇಳಬೇಕಾದದ್ದು ಯಾವ ವರ್ಷ ಯಾವ ರಾಗವೆಂಬುದಲ್ಲ. ಅದು ಹೇಗೂ ಸಿಗುತ್ತದೆ. ಹುಬ್ಬಳ್ಳಿಯಿಂದ ಬಂದವರು ಪೇಟೆಯಲ್ಲಿ ಯಾರ ಮನೆಯಲ್ಲಿ ಇಳಿದುಕೊಂಡರು, ತಂಬೂರಿಗಳು ನಿಲ್ದಾಣದಿಂದ ಯಾವ ಗಾಡಿಯಲ್ಲಿ ಬಂದುವು, ಬಾಗಿಲಲ್ಲಿ ನಿಂತು ಚೀಟಿ ಹರಿದವರು ಯಾರು, ಬೆಳಗಾದ ಮೇಲೆ ಜಮಖಾನೆಗಳನ್ನು ಮಡಿಸಿಟ್ಟವರು ಯಾರು—ಇದನ್ನು ಮೊದಲು ಕೇಳಿ ಬರೆದಿಡಬೇಕಾಗಿದೆ.